ಜೀರ್ ಅನ್ನುವ ಪಟ್ಟಿ

ಅವನು ಸತ್ತ ಸುದ್ದಿಯನ್ನು ಪೇಪರಿನಲ್ಲಿ ನೀವೇ ನನಗೆ ಓದಿ ಹೇಳಿದಿರಿ. ದೊಡ್ಡ ಫೋಟೊಗ್ರಾಫರ್, ಹಳ್ಳಿಯ ಜನರನ್ನು ತುಂಬಾ ಪ್ರೀತಿಸಿದವರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಾದಿಗಳನ್ನೆಲ್ಲ ತುಳಿದವರು ಎಂದು ಬರೆದಿದ್ದರು. ಜೊತೆಗೊಂದು ಫೋಟೊ ಹಾಕಿದ್ದರು. ಹಳ್ಳದ ಬಂಡೆಯ ಮೇಲೆ ಕೂದಲು ಒಣಗಿಸುತ್ತ ಕುಳಿತ ಹುಡುಗಿ, ತಲೆ ಎತ್ತಿ ನಗುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ ಅವನ ಹೆಸರು, ಅದರ ಕೆಳಗೆ ಸಣ್ಣದಾಗಿ ‘ಹಳ್ಳಿಯ ಹುಡುಗಿ’.

“ಅಜ್ಜೀ, ನೀ ಇವ್ರನ್ನ ನೋಡಿದ್ದೇನು?” ಎಂದು ಸಣ್ಣವ ಕೇಳಿದ. ನಾನು ಹ್ಞೂಂ ಅಂದು ಜೋಳ ಹಸನು ಮಾಡುತ್ತ ಕುಳಿತೆ. ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ನಿಮ್ಮಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಆದರೆ ಪೇಪರಿನವರು ಬರೆದದ್ದನ್ನು ಹಾಗೇ ಬಿಟ್ಟರೆ ನಿಮ್ಮ ತಲೆಯಲ್ಲಿ ಅದೇ ಉಳಿಯುತ್ತದೆ. ಆ ಹುಡುಗಿ ನನ್ನ ಅಕ್ಕ. ಅವನು ಎಂಥವನೆಂದು, ನಿಮ್ಮಜ್ಜ ಕಲಿಸಿದ ಅಕ್ಷರದಲ್ಲಿ, ನಾನೂ ಒಂದಿಷ್ಟು ಬರೆದಿಡುತ್ತೇನೆ.

ಅವನ ಹೆಸರು ಬರೆಯುವುದಿಲ್ಲ. ಮರೆತಿಲ್ಲ, ಬರೆಯುವುದಿಲ್ಲ ಅಷ್ಟೆ. ಸತ್ತವರನ್ನು ಆಡಿಕೊಳ್ಳಬಾರದು ಎಂದು ನಿಮ್ಮವ್ವ ಹೇಳುತ್ತಾಳೆ. ಅವನು ಬದುಕಿದ್ದಷ್ಟು ಕಾಲವೂ ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೇನೆ. ಈಗ ಸತ್ತನೆಂದು ಕೈಬಿಡಲಿಕ್ಕೆ ನನಗಾಗುವುದಿಲ್ಲ.

ಇರಕಲ್ಲಗಡದ ಅಂಚಿಗೆ, ಹಳ್ಳದ ದಂಡೆಯಲ್ಲಿ ನಮ್ಮ ಮನೆ ಇತ್ತು. ಆಗ ನಿಜಾಮನ ರಾಜ್ಯ. ಕಚೇರಿಯಲ್ಲಿ ಉರ್ದು, ಸಾಲಿಯಲ್ಲಿ ಉರ್ದು, ಮನೆಯಲ್ಲಿ ಮಾತ್ರ ಕನ್ನಡ. ಅಪ್ಪ ತೊಗಲಿನ ಕೆಲಸದವನು. ಎತ್ತಿನ ಕೊರಳ ಪಟ್ಟಿ, ಕುದುರೆಯ ಜೀನು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಕಾಲಿಗೆ ಮೆಟ್ಟುವ ಕಾಲ್ಮರಿ ಎಲ್ಲ ಮಾಡುತ್ತಿದ್ದ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಅಕ್ಕ ಅಪ್ಪನ ಎದುರಿಗೆ ಕುಳಿತು ಗಂಡುಮಗನ ಹಾಗೆ ಕೆಲಸ ಮಾಡುತ್ತಿದ್ದಳು. ತೊಗಲಿನ ಒಳಮೈ ಹೆರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದಕ್ಕೆ ಗಾಜಿನ ಚೂರು ಬೇಕು. ಊರಿನಲ್ಲಿ ಯಾರ ಮನೆಯ ಕಂದೀಲಿನ ಗಾಜು ಒಡೆದರೂ ಚೂರು ನಮ್ಮ ಮನೆಗೆ ಬರುತ್ತಿತ್ತು.

ಅಕ್ಕನ ಇನ್ನೊಂದು ಕೈಚಳಕ ಜೀರ್ ಅನ್ನುವ ಕಾಲ್ಮರಿ. ನೀವು ಅಂಥವನ್ನು ನೋಡಿಲ್ಲ. ಎರಡು ಪದರ ತೊಗಲಿನ ನಡುವೆ ಒಣ ತೊಗಲಿನ ಚೂರು, ಅದಕ್ಕಿಷ್ಟು ರಾಳದ ಪುಡಿ ಸೇರಿಸಿ ಹೊಲಿದರೆ ಹೆಜ್ಜೆ ಇಟ್ಟಾಗಲೆಲ್ಲ ಜೀರ್, ಜೀರ್ ಎಂದು ಕೂಗುತ್ತದೆ. ಗೌಡರು, ಕುಲಕರ್ಣಿಯವರು ಅವನ್ನೇ ಕೇಳಿ ಮಾಡಿಸುತ್ತಿದ್ದರು. ಓಣಿಯ ತಿರುವಿನಲ್ಲಿ ಆ ದನಿ ಕೇಳಿದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲಬೇಕು. ದನಿ ಎಷ್ಟು ಜೋರೋ ಮನುಷ್ಯ ಅಷ್ಟು ದೊಡ್ಡವ ಎಂಬ ಲೆಕ್ಕ ಅದು.

ಆ ಫೋಟೊಗ್ರಾಫರ್ ಹುಬ್ಬಳ್ಳಿಯ ಕಡೆಯವನು. ಸರಕಾರದ ಯಾರೋ ದೊಡ್ಡ ಅಧಿಕಾರಿಗೆ ನಮ್ಮ ಸೀಮೆಯ ಜನರ, ಗುಡಿಗಳ ಫೋಟೊಗಳ ಆಲ್ಬಮ್ ಮಾಡಿಕೊಡಲು ಬಂದಿದ್ದ. ತೆಳ್ಳಗೆ, ಬೆಳ್ಳಗೆ, ಹೆಣ್ಣುಮಕ್ಕಳ ಹಾಗೆ ಉದ್ದ ಬೆರಳು. ಫೋಟೊ ತೆಗೆಯುವುದಕ್ಕೆ ಮೊದಲು ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಳ್ಳುವ ಚಟವಿತ್ತು. ಊಟಕ್ಕೆ ಕೂರುವವರ ಹಾಗೆ. ಮಾತಾಡುವಾಗ ಮುಖ ನೋಡುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ ನಮ್ಮ ಭುಜವನ್ನೋ ಹಿಂದಿನ ಗೋಡೆಯನ್ನೋ ನೋಡುತ್ತಿದ್ದ. ನೀರು ಕೊಟ್ಟರೆ ಬೇಡ ಅನ್ನುತ್ತಿದ್ದ, ಆದರೆ ನಮ್ಮ ಗಡಿಗೆಯ ಫೋಟೊ ತೆಗೆದುಕೊಳ್ಳುತ್ತಿದ್ದ.

ಯಾರ ಹೆಸರನ್ನೂ ಅವನು ಕೇಳಿದ್ದನ್ನು ನಾನು ಕಾಣೆ. ಕೊಡ ಹೊತ್ತವಳನ್ನು ‘ಏ ಕೊಡಾ’ ಎಂದು ಕರೆಯುತ್ತಿದ್ದ. ಕುರಿ ಕಾಯುವ ಮುದುಕನನ್ನು ‘ಏ ಕಂಬಳೀ’. ನಮ್ಮಪ್ಪ ‘ತೊಗಲಾ’. ಸಿಟ್ಟಿನಿಂದ ಅಲ್ಲ, ನಗುನಗುತ್ತ. ನನ್ನ ಕಡೆ ಒಮ್ಮೆ ನೋಡಿ, ಕರೆಯಲು ಕೈಯಲ್ಲಿ ಏನೂ ಇಲ್ಲವೆಂದೋ ಏನೋ, ಕರೆಯಲೇ ಇಲ್ಲ.

ಅವನ ಕ್ಯಾಮರಾ ದೊಡ್ಡದು. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ತೊಗಲಿನ ಕೊಳವೆಯೊಳಗೆ ತಲೆ ಬಗ್ಗಿಸಿ ನೋಡುವಂಥದು. ಬಾವಿಯೊಳಗೆ ಇಣುಕುವವರ ಹಾಗೆ ಕಾಣುತ್ತಿದ್ದ. ನಮ್ಮನ್ನಲ್ಲ, ತನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದಾನೆ ಎಂದು ಜನ ತಿಳಿಯುತ್ತಿದ್ದರು. ಅಷ್ಟರಲ್ಲಿ ಠಪ್ ಅನ್ನುತ್ತಿತ್ತು.

ಮೊದಲ ಸಲ ನಮ್ಮ ಅಂಗಳಕ್ಕೆ ಬಂದಾಗ ಆ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದ.

“ತೊಗಲಾ, ಇದಕ್ಕೊಂದು ಚೀಲ ಬೇಕು.”

ಅಪ್ಪ ಕ್ಯಾಮರಾದ ಸುತ್ತ ತಿರುಗಿ ನೋಡಿದ. “ಇದಕ್ಕ ಪೆಟ್ಟಿಗಿ ಛಲೋ ರೀ ಸಾಹೇಬ್ರ. ಮುಚ್ಚಳ, ಕೊಂಡಿ, ಒಳಗ ಕಂಬಳಿ. ಬೆನ್ನಿಗೆ ಕಟ್ಟಿಕೊಂಡು ಗುಡ್ಡಾ ಹತ್ರಿ, ಏನೂ ಆಗೂದಿಲ್ಲ.”

“ಬೆನ್ನಿಂದ ಇಳಿಸಿ, ಕೊಂಡಿ ಬಿಚ್ಚಿ, ಹೊರಗ ತಗಿಯೂದ್ರಾಗ ಹೆಂಗಸರೆಲ್ಲಾ ಮನಿ ಹೊಕ್ಕಿರ್ತಾರ.”

“ಹಂಗಾರ ಜೋಳಗಿ ಮಾಡ್ಲ್ಯಾ?”

“ಜೋಳಗ್ಯಾಗ ತಡಕ್ಯಾಡಬೇಕು. ಪೊಲೀಸ್ ಅಮೀನ್ ಸಾಹೇಬ್ರ ಸೊಂಟದಾಗ ಪಿಸ್ತೂಲಿನ ಚೀಲ ನೋಡೀಯಿಲ್ಲೋ? ಹಂಗ. ಬಾಯಿ ಮ್ಯಾಲ ಇರಬೇಕು. ಕೈ ಹಾಕಿದ್ರ ಬಂದುಬಿಡಬೇಕು.”

ಅಪ್ಪ ನಕ್ಕ. “ಪಿಸ್ತೂಲು ಅಂಗೈಯಷ್ಟು ಇರತೈತ್ರಿ. ಇದು ಕುರಿಮರಿ ಇದ್ದಂಗ ಐತಿ.”

“ಕುರಿಮರಿ ಅಂತ ತಿಳಕೊಂಡ ಮಾಡು.”

“ಅಷ್ಟ ಅವಸರ ಯಾತಕ್ರಿ? ಜನಾ ಏನು ಓಡಿ ಹೋಗ್ತಾರಾ?”

“ಓಡೂದಿಲ್ಲ, ಸೆರಗು ಎಳಕೋತಾರ. ಸೆರಗಿನ ಫೋಟೊ ಯಾರಿಗೆ ಬೇಕು? ಅವರ ಕೈ ಸೆರಗಿಗೆ ಹೋಗೂದ್ರಾಗ ನಾ ಹೊಡದಿರಬೇಕು.”

ಫೋಟೊ ತೆಗೆಯುವುದಕ್ಕೆ ಅವನು ‘ಹೊಡೆಯುವುದು’ ಅನ್ನುತ್ತಿದ್ದ. ಅಪ್ಪನಿಗೆ ಆ ಮಾತು ಹೊಸದು, ಕೆಲಸವೂ ಹೊಸದು. ಹೊಸ ಕೆಲಸ ಬಂದರೆ ಅವನಿಗೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಬಾಯಿ ತಾನಾಗಿ ತೆರೆದು ನಿಲ್ಲುವ ಹಾಗೆ ಪಕ್ಕಗಳಿಗೆ ಗಡುಸು ತೊಗಲು ಹಾಕಿದ. ತಳಕ್ಕೆ ಯಲಬುರ್ಗಾದ ಕಂಬಳಿಯ ಮೆತ್ತೆ. ಮುಚ್ಚಳಕ್ಕೆ ಕೊಂಡಿ ಬಿಟ್ಟು ಬರೀ ಭಾರದ ಗುಂಡು, ಬೆರಳು ತಾಗಿದರೆ ಮುಚ್ಚಳ ಹಿಂದಕ್ಕೆ ಬೀಳುತ್ತದೆ. ಪಟ್ಟಿಯ ಬಗ್ಗೆ ಬಹಳ ಯೋಚನೆ ಮಾಡಿದ. ಸಣ್ಣ ಪಟ್ಟಿ ಹೆಗಲು ಕೊಯ್ಯುತ್ತದೆ, ಪೂರಾ ಅಗಲವಾದರೆ ಕುತ್ತಿಗೆ ತಿಕ್ಕುತ್ತದೆ. ಒಂದೇ ಹೆಗಲಿಗೆ ತೂಗಿದರೆ ಜಾರುತ್ತದೆ. ಕೊನೆಗೆ ಎಡಹೆಗಲಿನಿಂದ ಬಲಸೊಂಟಕ್ಕೆ ಎದೆಯ ಅಡ್ಡ ಬರುವ ಹಾಗೆ, ಹೆಗಲಲ್ಲಿ ಅಗಲ, ಇಳಿಯುತ್ತ ಸಣ್ಣ, ಎಣ್ಣೆ ಕುಡಿಸಿದ ಮೆತ್ತನೆಯ ಪಟ್ಟಿ ಮಾಡಿದ. ದಾರಕ್ಕೆ ಮೇಣ ತಿಕ್ಕಿದವಳು ಅಕ್ಕ. ಅವನು ಅದನ್ನು ಹಾಕಿಕೊಂಡು ಅಂಗಳದಲ್ಲಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡಿದ. ಥಟ್ಟನೆ ಕೈ ಹಾಕಿ ಕ್ಯಾಮರಾ ಎಳೆದು ನಮ್ಮ ಕೋಳಿಯ ಕಡೆ ಹಿಡಿದ. ಅಪ್ಪ ಚಪ್ಪಾಳೆ ತಟ್ಟಿದ.

ಅದಾದ ಸ್ವಲ್ಪ ದಿನಕ್ಕೆ ಅಕ್ಕ ತಲೆಸ್ನಾನ ಮಾಡಿ ಹಳ್ಳದ ಬಂಡೆಯ ಮೇಲೆ ಕೂದಲು ಹರಡಿ ಕುಳಿತಿದ್ದಳು. ನಾನು ಕೆಳಗೆ ಬಟ್ಟೆ ಒಗೆಯುತ್ತಿದ್ದೆ. ಸೆರಗು ಹಿಂಡಿ ಪಕ್ಕದಲ್ಲಿ ಒಣಹಾಕಿದ್ದಳು. ಆಗಾಗ ನಾನೊಂದು ಹರಳು ತೆಗೆದು ಅವಳ ಕಡೆ ಒಗೆಯುವುದು, ಅವಳು “ತಡಿ, ಬಂದು ಹಾಕ್ತೀನಿ ನಿನಗ” ಅನ್ನುವುದು ನಡೆದಿತ್ತು. ಠಪ್ ಎಂದು ಸದ್ದಾಯಿತು. ನಾನೇ ಹರಳು ಒಗೆದೆನೆಂದು ಅವಳು ತಲೆ ಎತ್ತಿ ನಕ್ಕಳು. ಆ ನಗುವಿಗೂ ಇನ್ನೊಂದು ಠಪ್ ಎಂದಿತು.

ಜಾಲಿಯ ಗಿಡದ ಮಗ್ಗುಲಲ್ಲಿ ಅವನು ನಿಂತಿದ್ದ. ಅಕ್ಕ ಒದ್ದೆಯ ಸೆರಗನ್ನೇ ಎಳೆದುಕೊಂಡು ಮುದುಡಿ ಕೂತಳು.

“ಏನ್ರಿ ಅದು? ಏನ್ ಮಾಡಿದ್ರಿ?”

“ಏನಿಲ್ಲ ಕೂದಲಾ. ಆತು, ಮುಗೀತು” ಎಂದು ಹೆಬ್ಬೆರಳು ಒರೆಸಿಕೊಂಡು ಹೋದ.

ಪೇಪರಿನಲ್ಲಿ ಆ ನಗುವನ್ನು ಕಂಡು ಏನೇನೋ ಬರೆದಿದ್ದಾರೆ. ಅದು ನನಗೆ ನಕ್ಕ ನಗು.

ಅಕ್ಕನಿಗೆ ಹನುಮಸಾಗರದಲ್ಲಿ ಮಾತು ಮುಗಿದಿತ್ತು. ಹುಡುಗ ಒಳ್ಳೆಯವನು, ಒಮ್ಮೆ ಬಂದಾಗ ಅಕ್ಕ ಮಾಡಿದ ಕಾಲ್ಮರಿ ಮೆಟ್ಟಿಕೊಂಡು ಹೋಗಿದ್ದ. ಸುಗ್ಗಿ ಆದ ಮೇಲೆ ಮದುವೆ ಎಂದಿದ್ದರು. ಅಷ್ಟರಲ್ಲಿ ಈ ಹುಬ್ಬಳ್ಳಿಯವನು ಆ ಫೋಟೊವನ್ನು ದೊಡ್ಡದು ಮಾಡಿ ಕೊಪ್ಪಳದ ಪೇಟೆಯಲ್ಲಿ, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯೊಂದರ ಗಾಜಿನ ಹಿಂದೆ ತೂಗುಹಾಕಿದ. ಹುಡುಗನ ಸೋದರಮಾವ ಅದನ್ನು ನೋಡಿದ. ನಮ್ಮ ಮನೆಗೆ ಬಂದು ಚಾ ಕುಡಿಯದೆ ನಿಂತುಕೊಂಡೇ ಹೇಳಿದ.

“ಹುಡಗಿ ಮ್ಯಾಲ ನಮ್ಮದೇನೂ ಮಾತಿಲ್ಲ. ಆದ್ರ ಪ್ಯಾಟ್ಯಾಗ ಗಾಡಿ ಹೊಡಿಯಾವ ಸುದ್ದಾ ನಿಂತು ನೋಡಾಕತ್ಯಾನ. ಸೆರಗಿಲ್ಲ, ಏನಿಲ್ಲ. ನಗಾಕತ್ತಾಳ ಬ್ಯಾರೆ. ಯಾರನ್ನ ನೋಡಿ ನಕ್ಕಳು ಅಂತ ಜನಾ ಕೇಳಿದ್ರ ನಾವೇನು ಹೇಳೂಣು?”

“ನನ್ನ ನೋಡಿ” ಎಂದು ಹೇಳಬೇಕಿತ್ತು ನಾನು. ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ಬರಲಿಲ್ಲ. ಹೇಳಿದ್ದರೂ ಅವರು ನಂಬುತ್ತಿರಲಿಲ್ಲ.

ಮಾತು ಮುರಿದು ಹೋಯಿತು. ಕಾಲ್ಮರಿ ಹೊಲಿಸುವ ನೆಪ ಮಾಡಿಕೊಂಡು ಕಂಡಕಂಡವರು ಅಂಗಳಕ್ಕೆ ಬಂದು ಒಳಗೆ ಇಣುಕತೊಡಗಿದರು. “ಆ ಫೋಟೊದಾಕಿ ಇಕೀನ ಏನ್ಲೇ?” ಎಂದು ಕೇಳಿಸುವ ಹಾಗೇ ಮಾತಾಡಿಕೊಳ್ಳುತ್ತಿದ್ದರು. ಅಕ್ಕ ಹಳ್ಳಕ್ಕೆ ಹೋಗುವುದನ್ನು ಬಿಟ್ಟಳು. ಬೆಳಕು ಬಾರದ ಒಳಕೋಣೆಯಲ್ಲಿ ಕುಳಿತು ಕೈಯ ಅಂದಾಜಿನಲ್ಲೇ ಹೊಲಿಯತೊಡಗಿದಳು.

ಅಪ್ಪ ಕೊಪ್ಪಳಕ್ಕೆ ಹೊರಟ. ಕೊಡುವ ಕಾಲ್ಮರಿಗಳ ಗಂಟು ಹೊತ್ತುಕೊಂಡು ನಾನೂ ಹೋದೆ. ಅಂಗಡಿಯ ಮುಂದೆ ಅವನು ಬೆಂಚಿನ ಮೇಲೆ ಕೂತು ಪಾನ್ ಅಗಿಯುತ್ತಿದ್ದ. ಅಪ್ಪ ಟವೆಲ್ಲನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಸಾಹೇಬ್ರ, ನನ್ನ ಮಗಳದ್ದು ಅದು. ಇಳಿಸಿಬಿಡ್ರಿ. ಸಂಬಂಧ ಮುರದು ಬಿತ್ತು.”

“ಯಾಕ ಇಳಿಸಲಿ? ಹೊಡದಾವ ನಾನು.”

“ಮಾರಿ ಅಕೀದಲ್ರಿ.”

ಅವನು ನಕ್ಕ. “ಅಕಿ ಮಾರಿ ಅಕಿ ಹತ್ರನ ಐತಲ್ಲೋ. ನಾನೇನು ಒಯ್ದೀನಾ?” ಬೆಂಚಿನ ಮೇಲೆ ಕೂತ ಇನ್ನಿಬ್ಬರೂ ನಕ್ಕರು. ಅವರು ನಕ್ಕಿದ್ದಕ್ಕೆ ಹುರುಪಾಗಿ, ಸೊಂಟದ ಚೀಲ ತಟ್ಟಿ ಮತ್ತೂ ಒಂದು ಮಾತು ಹೇಳಿದ. “ಏನ ಆಗಲಿ, ಚೀಲ ಮಾತ್ರ ಭಾಳ ಛಲೋ ಮಾಡೀದಿ ತೊಗಲಾ. ನಿನ್ನ ಚೀಲ ಇರದಿದ್ರ ಈ ಫೋಟೊ ನನಗ ಸಿಗತಿದ್ದಿಲ್ಲ.”

ಅಪ್ಪ ತಿರುಗಿ ನಡೆದ. ಮನೆಗೆ ಬಂದವನೇ ಆ ಚೀಲ ಹೊಲಿದ ಆರಿಯನ್ನು, ತೊಗಲಿಗೆ ತೂತು ಹಾಕುವ ಆ ಮೊಳೆಯನ್ನು, ಅಂಗಳದಾಚೆ ಜಾಲಿಯ ಮುಳ್ಳಿನಲ್ಲಿ ಎಸೆದುಬಿಟ್ಟ. ಪೇಟೆಯಲ್ಲಿ ಆಡಿದ ಮಾತನ್ನೆಲ್ಲ ನಾನು ಅಕ್ಕನಿಗೆ ಹೇಳಿದೆ. ಅವಳು ಹೋಗಿ ಆರಿಯನ್ನು ಹುಡುಕಿ ತಂದಳು. ಕೈಯೆಲ್ಲ ಗೀರು.

“ಅವ ಮತ್ತ ಬರ್ತಾನ ಅಪ್ಪಾ” ಎಂದಳು. “ಆ ಪಟ್ಟಿ ಅಷ್ಟ ಭಾರ ತಡಿಯೂದಿಲ್ಲ. ಗಾಜಿನ ಡಬ್ಬೀನೂ ಅದಕ್ಕ ಜೋತು ಹಾಕ್ಯಾನಂತ.”

ಅವಳು ಹೇಳಿದ ಹಾಗೇ ಆಯಿತು. ಕ್ಯಾಮರಾದೊಳಗೆ ಫೋಟೊ ಮೂಡುವ ಗಾಜಿನ ತಟ್ಟೆಗಳ ಡಬ್ಬಿಯನ್ನೂ ಅದೇ ಪಟ್ಟಿಗೆ ಕಟ್ಟಿ ತಿರುಗಿ, ಮಳೆಯಲ್ಲಿ ತೋಯಿಸಿ, ಹೊಲಿಗೆ ಬಿಡಿಸಿಕೊಂಡು ಅವನು ನಮ್ಮ ಅಂಗಳಕ್ಕೇ ಬಂದ. ಆಗಿದ್ದೇನೂ ಅವನ ಮುಖದಲ್ಲಿರಲಿಲ್ಲ. ಮರೆತಿರಲೂಬಹುದು, ಅಂಥ ಮನುಷ್ಯ.

“ತೊಗಲಾ, ಹೊಸಾ ಪಟ್ಟಿ ಬೇಕು. ನಾಳಿ ಸಂತಿ ಮುಗಿಸಿ ಬರ್ತೀನಿ. ಎರಡು ಮೂರು ನಮೂನಿ ಮಾಡಿಡು, ಆರಿಸಿಕೋತೀನಿ” ಎಂದು ಹೋದ.

ಅಪ್ಪನ ಕಣ್ಣು ಕೆಂಪಾಗಿತ್ತು. “ಒಳಗ ಕೊಳತ ದಾರ ಹಾಕ್ತೀನಿ. ಹೇಮಗುಡ್ಡದ ಗುಡಿ ಮೆಟ್ಟಲದಾಗ ಹರದು ಬೀಳಬೇಕು, ಪೆಟ್ಟಿಗಿ ಚೂರಾಗಬೇಕು.”

“ಆಮ್ಯಾಲ?” ಎಂದಳು ಅಕ್ಕ. “ಇನ್ನೊಂದು ಪೆಟ್ಟಿಗಿ ತರ್ತಾನ. ನಿನ್ನ ಅಮೀನ್ ಕಚೇರಿಗೆ ಎಳಕೊಂಡು ಹೋಗ್ತಾರ. ಪಟ್ಟಿ ಹರೀಬಾರದು ಅಪ್ಪಾ. ಗಟ್ಟಿ ಇರಬೇಕು. ಅವ ಎಲ್ಲಿ ಹೋದ್ರೂ ಅವನ ಜೋಡೀ ಹೋಗಬೇಕು.” ಒಣ ತೊಗಲಿನ ಚೂರುಗಳನ್ನು ಮುಂದಕ್ಕೆ ಎಳೆದುಕೊಂಡು, “ರಾಳ ಎಲ್ಲಿ ಇಟ್ಟೀ?” ಎಂದು ಕೇಳಿದಳು.

ಅವಳು ಹೇಳುವುದು ಅಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ನಕ್ಕ. ಮಾತು ಮುರಿದ ದಿನದಿಂದ ಅಪ್ಪ ನಕ್ಕಿದ್ದು ಅದೇ ಮೊದಲು.

ಮರುದಿನ ಸಂತೆ ಮುಗಿಸಿ ಬಂದವನ ಮುಂದೆ ಮೂರು ಪಟ್ಟಿ ಹರಡಿದರು. ಒಂದು ಮೊದಲಿನಂತೆ ಮೆತ್ತನೆಯದು, ಹೆಗಲಿಗೆ ಕಂಬಳಿ. ಇನ್ನೊಂದು ಜಡೆಯ ಹಾಗೆ ಹೆಣೆದದ್ದು. ಮೂರನೆಯದು ಎರಡು ಪದರದ್ದು, ಕೆಂಪು ಬಣ್ಣ, ಅಂಚಿಗೆ ಬಿಳಿ ದಾರದ ಹೂ. ಅವನು ಮೆತ್ತನೆಯದನ್ನು ಕೈಗೆ ತೆಗೆದುಕೊಂಡ. ಅಕ್ಕ ಬಾಗಿಲ ಒಳಗಿನಿಂದ ಅಪ್ಪನಿಗೆ ಅನ್ನುವ ಹಾಗೆ ಹೇಳಿದಳು.

“ಕೆಂಪು ಪಟ್ಟಿ ಇತ್ಲಾಗ ಕೊಡಪ್ಪಾ. ಅದು ಗೌಡ್ರ ಕುದುರಿಗೆ ಮಾಡಿದ್ದು. ಸಾಹೇಬ್ರಿಗೆ ಅಂಥಾದ್ದು ಯಾಕ?”

ಅವನ ಕೈ ಮೆತ್ತನೆಯದನ್ನು ಬಿಟ್ಟಿತು. ಕೆಂಪನ್ನು ಎದೆಗೆ ಅಡ್ಡ ಹಾಕಿ ನಾಲ್ಕು ಹೆಜ್ಜೆ ನಡೆದ. ಚೀಲದ ಭಾರಕ್ಕೆ ಪಟ್ಟಿ ಜಗ್ಗಿ, ಜೀರ್ ಅಂದಿತು. ನಿಂತ. ಮತ್ತೆ ನಡೆದ. ಜೀರ್, ಜೀರ್.

“ಇದು ಕೂಗ್ತೈತಲ್ಲೋ.”

“ದೊಡ್ಡವ್ರ ಸಾಮಾನು ಹಂಗ ರೀ. ಬ್ಯಾಡಾದ್ರ ಬಿಡ್ರಿ” ಅಂದ ಅಪ್ಪ.

ಅವನು ನಮ್ಮ ಸಣ್ಣ ಅಂಗಳವನ್ನು ಗೌಡರ ಹಾಗೆ ಎದೆ ಉಬ್ಬಿಸಿ ಸುತ್ತಿದ. ಬೇಲಿಯಾಚೆ ಹೋಗುತ್ತಿದ್ದ ಒಬ್ಬ ಮುದುಕ ದನಿ ಕೇಳಿ ಯಾರೋ ದೊಡ್ಡವರೆಂದು ಕೈ ಮುಗಿದ. ಅಷ್ಟು ಸಾಕಾಯಿತು.

“ಇದ ಇರಲಿ” ಎಂದ.

“ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ, ಬಣ್ಣ ಹೋಗತೈತಿ” ಎಂದು ಅಕ್ಕ ಒಳಗಿನಿಂದಲೇ ಹೇಳಿದಳು.

ಮುಂದಿನ ಕೆಲಸ ಹೆಂಗಸರದು. ಕಾಲ್ಮರಿ ಒಯ್ಯಲು ಬಂದವರ ಹೆಂಡಂದಿರ ಕಿವಿಯಲ್ಲಿ, ಸಂತೆಗೆ ಹೋಗುವವರ ಕಿವಿಯಲ್ಲಿ ಅಕ್ಕ ಒಂದೇ ಮಾತು ಹಾಕುತ್ತಿದ್ದಳು: ಕೆಂಪು ಪಟ್ಟಿ ಜೀರ್ ಅಂದರೆ ಸೆರಗು ಎಳೆದುಕೊಂಡು ತಿರುಗಿ ನಿಲ್ಲಿರಿ. ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ ನಮ್ಮ ನೆಂಟರ ಮನೆಗಳಿದ್ದವು. ಅಲ್ಲಿಂದ ಬಾವಿಗೆ, ಬಾವಿಯಿಂದ ಹೊಲಕ್ಕೆ ಮಾತು ಹೋಯಿತು. ಗಂಗಾವತಿಯ ಕಡೆ ನಾಟಿ ಮಾಡುವ ಹೆಂಗಸರಿಗೂ ಅವನು ಅಲ್ಲಿಗೆ ಹೋಗುವ ಮೊದಲೇ ಎಲ್ಲ ಗೊತ್ತಾಗಿತ್ತು.

ಅದು ಹೇಗೆ ನಡೆಯುತ್ತಿತ್ತೆಂದು ನಾನು ಹೇಮಗುಡ್ಡದಲ್ಲಿ ಕಣ್ಣಾರೆ ಕಂಡೆ. ದುರ್ಗಮ್ಮನ ಹರಕೆ ತೀರಿಸಲು ಸೋದರತ್ತೆಯ ಜೊತೆ ಹೋಗಿದ್ದೆ. ಅಕ್ಕ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಹೆಂಗಸರ ಸಾಲು ಇತ್ತು. ಕೆಳಗಿನಿಂದ ಜೀರ್, ಜೀರ್ ಎಂದು ಕೇಳಿಸಿತು. ಸಾಲಿನ ಕೊನೆಯ ಮುದುಕಿ, “ಪಟ್ಟಿ ಬಂತವ್ವಾ, ಪಟ್ಟಿ” ಎಂದಳು, ಎಮ್ಮೆ ಬಂತು ಅನ್ನುವ ಹಾಗೆ. ಅಷ್ಟೂ ಹೆಂಗಸರು ಬಂಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಅವನು ತಿರುವಿನಲ್ಲಿ ಓಡಿ ಬಂದು ಕ್ಯಾಮರಾ ಎಳೆದ. ಎದುರಿಗೆ ಬೆನ್ನುಗಳು. ಅವನ ಜೊತೆ ಆ ದೊಡ್ಡ ಅಧಿಕಾರಿ ಬಂದಿದ್ದ. ಅಧಿಕಾರಿ ಉಸಿರು ಬಿಡುತ್ತ ಮೆಟ್ಟಿಲಲ್ಲಿ ನಿಂತು ಕೇಳಿದ.

“ಏನ್ರಿ, ಆಲ್ಬಮ್ ತುಂಬ ಬರೇ ಬೆನ್ನು ತಂದು ಕೊಟ್ಟೀರಿ. ಈ ಸೀಮ್ಯಾಗಿನ ಹೆಂಗಸರಿಗೆ ಮಾರಿ ಇಲ್ಲೇನು?”

ಮುದುಕಿ ಬಂಡೆಗೆ ಮುಖ ಹಚ್ಚಿಕೊಂಡೇ, “ಐತ್ರಿ ಯಪ್ಪಾ, ಮನ್ಯಾಗ ಇಟ್ಟು ಬಂದೇವಿ” ಎಂದಳು. ಸಾಲೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿತು. ಕ್ಯಾಮರಾದವನ ಕಿವಿ ಕೆಂಪಾದದ್ದನ್ನು ನಾನು ಅತ್ತೆಯ ತೋಳಿನ ಸಂದಿಯಿಂದ ನೋಡಿದೆ. ಇವತ್ತಿಗೂ ಬೇಸರವಾದಾಗ ಆ ಕಿವಿಗಳನ್ನು ನೆನೆಸಿಕೊಳ್ಳುತ್ತೇನೆ.

ಜನರನ್ನು ಸಾಮಾನಿನ ಹೆಸರಿನಿಂದ ಕರೆಯುತ್ತಿದ್ದವನಿಗೆ ಜನ ‘ಪಟ್ಟಿ’ ಎಂದು ಹೆಸರಿಟ್ಟರು. ಎಣ್ಣೆ ಹಚ್ಚಬೇಡಿರಿ ಎಂದರೆ ಹಚ್ಚಿಯೇ ಹಚ್ಚುತ್ತಾನೆ ಎಂದು ಅಕ್ಕನಿಗೆ ಗೊತ್ತಿತ್ತು. ಹಚ್ಚಿದ. ರಾಳಕ್ಕೆ ಎಣ್ಣೆ ಸೇರಿ ಅಂಟಾಗಿ ದನಿ ಇನ್ನೂ ಗಟ್ಟಿಯಾಯಿತು. ಕುಷ್ಟಗಿಗೆ ಹೋಗಿ ಬೇರೆ ಪಟ್ಟಿ ಕೇಳಿದ, ಯಲಬುರ್ಗಾಕ್ಕೆ ಹೋಗಿ ಕೇಳಿದ. ನಮ್ಮವರು ಎಲ್ಲರೂ, ಅದು ನಮ್ಮ ಕೈಲಿ ಆಗುವ ಕೆಲಸವಲ್ಲ ಎಂದರು. ಹಗ್ಗ ಕಟ್ಟಿಕೊಂಡು ತಿರುಗಿದ, ಹೆಗಲು ಬಾತುಕೊಂಡಿತು. ಕೊನೆಗೊಂದು ಮಧ್ಯಾಹ್ನ ಚೀಲವನ್ನು ಮೊದಲಿನಂತೆ ಕೂಸಿನ ಹಾಗೆ ಎತ್ತಿಕೊಂಡು ನಮ್ಮ ಅಂಗಳದಲ್ಲಿ ನಿಂತ.

“ಯಾರ ಕೆಲಸ ಇದು?”

ಅಕ್ಕ ಹೊರಗೆ ಬಂದಳು. ಎಷ್ಟೋ ದಿನದ ಮೇಲೆ ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡಿಕೊಂಡಳು. ಸೆರಗು ಹಣೆಯ ಮೇಲೆ ಎಳೆದುಕೊಳ್ಳಲಿಲ್ಲ.

“ನಂದು. ಯಾಕ್ರಿ, ಹರೀತೇನು?”

“ಹರೀಲಿಲ್ಲ. ಕೂಗ್ತೈತಿ.”

“ನೀವ ಆರಿಸಿಕೊಂಡ್ರಿ.”

“ನನ್ನ ಕೆಲಸ ಹಾಳಾತು. ಊರ ಹೊರಗಿಂದಾನ ಎಲ್ಲಾರಿಗೂ ಗೊತ್ತಾಗತೈತಿ. ಒಂದು ಫೋಟೊ ಸಿಗವಲ್ದು.”

“ನಿಮ್ಮ ಪೆಟ್ಟಿಗಿ ನಿಮ್ಮ ಹತ್ರನ ಐತಲ್ರಿ” ಎಂದಳು ಅಕ್ಕ. “ನಾವೇನು ಒಯ್ದೇವಾ?”

ಅದು ಯಾರ ಮಾತೆಂದು ಅವನಿಗೆ ನೆನಪಾಯಿತು. ಮೊದಲ ಸಲ ಒಂದೂ ಕಣ್ಣು ಮುಚ್ಚದೆ ಅಕ್ಕನ ಮುಖ ನೋಡಿದ. ಆಮೇಲೆ ಕೇಳಿದ, “ಏನ ಬೇಕು ನಿನಗ?”

“ನನ್ನ ಮಾರಿ ಇರೂ ಗಾಜು. ಅಂಗಡ್ಯಾಗಿನ ಕಾಗದ. ಎರಡೂ ತಂದು ಕೊಡ್ರಿ, ಕೂಗದ ಪಟ್ಟಿ ಹೊಲದು ಕೊಡ್ತೀನಿ.”

ತಂದ. ಬೇರೆ ದಾರಿ ಇರಲಿಲ್ಲ. ಅಂಗಡಿಯ ಕಾಗದವನ್ನು ಅಪ್ಪ ಅಲ್ಲೇ ಒಲೆಗೆ ಹಾಕಿದ. ಗಾಜಿನ ತಟ್ಟೆಯನ್ನು ಅಕ್ಕ ಬಿಸಿಲಿಗೆ ಹಿಡಿದಳು. ನಾನೂ ಇಣುಕಿದೆ. ಅದರಲ್ಲಿ ಎಲ್ಲ ತಿರುಗುಮುರುಗು. ಅಕ್ಕನ ಮುಖ ಕರ್ರಗೆ, ಕೂದಲು ಹಣ್ಣು ಮುದುಕಿಯ ಹಾಗೆ ಬೆಳ್ಳಗೆ.

“ನೋಡಿದೇನ ತಂಗಿ, ಮುದುಕಿ ಆದ್ರ ಹಿಂಗ ಕಾಣ್ತೀನಂತ” ಎಂದಳು. ನೋಡಿದ್ದು ಸಾಕೆನಿಸಿದ ಮೇಲೆ ತಟ್ಟೆಯನ್ನು ಕಲ್ಲಿನ ಅಂಚಿಗೆ ಬಡಿದಳು.

“ಅಯ್ಯ, ಅಂಥಾದ್ದು ಮತ್ತ ಸಿಗೂದಿಲ್ಲ ಹುಚ್ಚೀ” ಎಂದು ಅವನು ಕೈ ಮುಂದೆ ಮಾಡಿದ.

ಅಕ್ಕ ಉದ್ದನೆಯ ಚೂರೊಂದನ್ನು ಆರಿಸಿಕೊಂಡು, ಅವನ ಹೊಸ ಪಟ್ಟಿಯ ತೊಗಲನ್ನು ಮೊಣಕಾಲಿನ ಮೇಲೆ ಹಾಸಿ, ಅದರಿಂದಲೇ ಒಳಮೈ ಹೆರೆಯತೊಡಗಿದಳು. ಒಂದೊಂದು ಎಳೆತಕ್ಕೂ ಅವನು ಹಲ್ಲು ಕಚ್ಚುತ್ತಿದ್ದ. “ಗಾಜು ಛಲೋ ಐತ್ರಿ, ತೆಳ್ಳಗ ಹೆರೀತೈತಿ” ಎಂದಳು ಅಕ್ಕ, ತಲೆ ಎತ್ತದೆ. ಹೊಲಿದು ಕೊಟ್ಟಳು. ಹಾಕಿಕೊಂಡು ನಡೆದು ನೋಡಿದ. ಸದ್ದಿಲ್ಲ. ಹೋದ.

ಆ ಪಟ್ಟಿಯಲ್ಲೂ ಅಕ್ಕ ರಾಳ ಇಟ್ಟಿದ್ದಳು. ಹಸಿ ತೊಗಲು ಮಾತಾಡುವುದಿಲ್ಲ. ಬಿಸಿಲು ಕುಡಿದು ಒಣಗಿದ ಮೇಲೆ ಶುರುಮಾಡುತ್ತದೆ. ಅವನು ಕುಷ್ಟಗಿ ದಾಟುವ ಹೊತ್ತಿಗೆ ಶುರುಮಾಡಿತಂತೆ. ಆಲ್ಬಮ್ಮಿನ ಕೆಲಸ ಕೈತಪ್ಪಿ ಅವನು ನಮ್ಮ ಸೀಮೆಯನ್ನೇ ಬಿಟ್ಟುಹೋದ. ಮೋಸವೆಂದು ನೀವು ಅನ್ನಬಹುದು. ನನಗೆ ಹಾಗೆ ಅನಿಸಿಲ್ಲ. ಅವನೂ ಆ ಫೋಟೊದ ಇನ್ನೊಂದು ಕಾಗದ ಬಚ್ಚಿಟ್ಟುಕೊಂಡಿದ್ದ ಎಂಬುದು ಈಗ ಪೇಪರು ನೋಡಿದ ಮೇಲೆ ತಿಳಿಯಿತಲ್ಲ.

ಅಕ್ಕನನ್ನು ಮುಂದೆ ಯಲಬುರ್ಗಾದ ಕಡೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ಮೊದಲ ಹೆಂಡತಿಯ ಮಕ್ಕಳನ್ನು ಸಾಕಿದಳು, ತನಗೆ ಆಗಲಿಲ್ಲ. ಹನುಮಸಾಗರದ ಮಾತನ್ನು ಎಂದೂ ಎತ್ತಲಿಲ್ಲ. ಸಾಯುವವರೆಗೆ ಫೋಟೊಕ್ಕೆ ಮುಖ ಕೊಡಲಿಲ್ಲ. ನಿಮ್ಮವ್ವನ ಮದುವೆಯ ಫೋಟೊದಲ್ಲಿ ಬೆನ್ನು ತಿರುಗಿಸಿ ನಿಂತ ಮುದುಕಿ ಯಾರೆಂದು ಕೇಳಿ ನೀವು ನಗುತ್ತಿದ್ದಿರಲ್ಲ, ಅವಳೇ.

ಹಾಗಾಗಿ ಅವಳ ಮುಖ ಈ ಭೂಮಿಯ ಮೇಲೆ ಉಳಿದಿರುವುದು ಆ ಪೇಪರಿನ ಚೂರಿನಲ್ಲಿ ಮಾತ್ರ. ಅದನ್ನು ಸುಡಬೇಕೆಂದು ಎತ್ತಿಕೊಂಡವಳು ಸುಡಲಾರದೆ ಕೂತೆ. ಅಷ್ಟು ಚೆಂದ ನಗುತ್ತಿದ್ದಾಳೆ ನನ್ನನ್ನು ನೋಡಿ. ಇದಕ್ಕಾಗಿ ಅವನಿಗೆ ಉಪಕಾರ ಹೇಳಬೇಕೆಂದು ಯಾರಾದರೂ ಅಂದರೆ ಅವರ ಮನೆಯಲ್ಲಿ ನಾನು ನೀರು ಮುಟ್ಟುವುದಿಲ್ಲ.

ಇವತ್ತು ಮುಂಜಾನೆ ನೀವೆಲ್ಲ ಸಾಲಿಗೆ ಹೋದ ಮೇಲೆ ಕತ್ತರಿ ತೆಗೆದುಕೊಂಡು ಫೋಟೊವನ್ನು ಬಿಡಿಸಿದೆ. ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ‘ದುರುಗವ್ವ’ ಎಂದು ಬರೆದು ದೇವರ ಜಗುಲಿಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಯಾರೂ ಕೀಳಬೇಡಿರಿ. ಅವನ ಹೆಸರಿದ್ದ ಸಾಲನ್ನು ಕತ್ತರಿಸಿ, ಚಾಕ್ಕೆ ಇಟ್ಟ ನೀರಿನ ಕೆಳಗೆ ಒಲೆಗೆ ಹಾಕಿದೆ. ಒಂದು ಸಲ ಭಗ್ ಎಂದು ಆರಿಹೋಯಿತು. ನೀರು ಉಗುರುಬೆಚ್ಚಗೂ ಆಗಲಿಲ್ಲ.